ಬಸಲಿಂಗವ್ವನ ನೀರಿನ ವಾಟಿ

ಸಭೆಯ ಹಿರಿಯರೇ, ನಮ್ಮ ಮಾಲೀಕರಾದ ಶೇಟ್‌ಜಿಯವರೇ, ಮಲಾಡಿನ ಕನ್ನಡ ಬಾಂಧವರೇ — ಎಲ್ಲರಿಗಿಂತ ಮೊದಲು, ಮುಂದಿನ ಚಾಪೆಯ ಮೇಲೆ ಕುಳಿತಿರುವ, ಬಸಲಿಂಗವ್ವನವರ ಯಜಮಾನರಾದ ನೀಲಕಂಠಪ್ಪನವರೇ, ಮಗಳು ಶರಣವ್ವ — ನಿಮಗೆ ನನ್ನ ನಮಸ್ಕಾರ.

ಲಿಂಗೈಕ್ಯರಾದ ಬಸಲಿಂಗವ್ವನವರ ಬಗ್ಗೆ ಎರಡು ಮಾತಾಡು ಎಂದಿರಿ. ನಾನು ಉಡುಪಿ ಕಡೆಯವನು, ಸದಾನಂದ. ಈ ಕಾರ್ಖಾನೆಯಲ್ಲಿ ಅವರ ಪಕ್ಕದ ಸ್ಟೂಲು ನನ್ನದು. ಮಾತು ಸಿಹಿಯಾಗಿರಲಿ ಎಂದು ನಮ್ಮ ಮೇಲ್ವಿಚಾರಕ ಮುಕಾದಮರು ಬೆಳಿಗ್ಗೆಯೇ ಕಿವಿಯಲ್ಲಿ ಹೇಳಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಹೊರಗಿನಿಂದ ಬಂದವರಿಗೆ ನಮ್ಮ ಕೆಲಸ ಗೊತ್ತಿರಲಿಕ್ಕಿಲ್ಲ. ವಿಲಾಯತಿಯ ನದಿಗಳಲ್ಲಿ ಸಾಲ್ಮನ್ ಎಂಬ ದೊಡ್ಡ ಮೀನಿದೆ. ಅಲ್ಲಿನ ಸಾಹೇಬರು ಅದಕ್ಕೆ ಎರೆಹುಳ ಹಾಕುವುದಿಲ್ಲ. ಬಣ್ಣದ ಗರಿ ಕಟ್ಟಿದ ಗಾಳ ಹಾಕುತ್ತಾರೆ. ಆ ಗಾಳಕ್ಕೆ ರೆಕ್ಕೆ ಕಟ್ಟುವವರು ನಾವು. ಕೆಂಪು, ಹಳದಿ, ನೀಲಿ ಗರಿಗಳ ಎಳೆ ಬಿಡಿಸಿ, ಅಂಚಿಗೆ ಅಂಚು ಕೂಡಿಸಬೇಕು. ಎಡರೆಕ್ಕೆಗೆ ಎಡಗಡೆಯ ಗರಿ, ಬಲಕ್ಕೆ ಬಲದ್ದು — ತಪ್ಪಿತೋ, ರೆಕ್ಕೆ ತಿರುಚಿಕೊಳ್ಳುತ್ತದೆ. ಇದನ್ನು ಕಲಿಯುವುದು ಹುಡುಗಾಟವಲ್ಲ.

ಬಸಲಿಂಗವ್ವ ವಿಜಾಪುರದ ಕಡೆಯ ಲಿಂಗವಂತರ ಹೆಣ್ಣುಮಗಳು. ಮೀನಿನ ವಾಸನೆ ಬಂದರೆ ಮೂಗಿಗೆ ಸೆರಗು. ಅಂಥವರು ಹೊಟ್ಟೆಪಾಡಿಗೆ ಇಲ್ಲಿ ಬಂದು ಕೂತರು. ಮೊದಲ ದಿನ ಮುಕಾದಮರು ತೋರಿಸಿಕೊಟ್ಟರು — ಎಳೆಯನ್ನು ಹೀಗೆ — ಹೀಗೆ ತುಟಿಗಳ ನಡುವೆ ಎಳೆದು, ನಾಲಿಗೆಯಿಂದ ಒದ್ದೆ ಮಾಡಿ, ನೇರ ಮಾಡಬೇಕು. ಬಸಲಿಂಗವ್ವ ಎದ್ದು ನಿಂತರು.

"ಸತ್ತ ಹಕ್ಕಿ ಪುಕ್ಕ ನಾ ಬಾಯಾಗ ಇಡೂದಿಲ್ರೀ. ಕೊರಳಾಗ ಲಿಂಗ ಐತಿ."

ಮರುದಿನ ಮನೆಯಿಂದ ಹಿತ್ತಾಳೆಯ ವಾಟಿ, ಪುಟ್ಟದೊಂದು ಬಟ್ಟಲು, ತಂದರು. ನೀರಿಗೆ ಬೆರಳದ್ದಿ ಗರಿ ನೀವಿದರು. ರೆಕ್ಕೆ ಚೆನ್ನಾಗಿಯೇ ಬಂತು! ಆದರೆ ಕೆಲಸ ನಿಧಾನ. "ಏ ಬಾಯಿ, ಇಲ್ಲಿ ಪೂಜೆಗೆ ಕೂತಿದ್ದೀಯೇನು? ಜಲ್ದಿ, ಜಲ್ದಿ!" ಎಂದು ಮುಕಾದಮರು ಗದರಿದರು. ವಾಟಿ ಮೇಜಿನ ಕೆಳಗೆ ಹೋಯಿತು, ಗರಿ ಬಾಯಿಗೆ ಬಂತು. ಆ ಸಂಜೆ ಅವರು ತಲೆಗೆ ನೀರು ಹಾಕಿಕೊಂಡು, ಅತ್ತು, ಆಮೇಲೆ ಲಿಂಗಪೂಜೆಗೆ ಕೂತರಂತೆ — ನೀಲಕಂಠಪ್ಪನವರೇ ಹೇಳಿದ್ದು. ಕ್ರಮೇಣ ಅಳುವುದೂ ನಿಂತಿತು. ಅಭ್ಯಾಸವಾಗಿಬಿಟ್ಟಿತು.

ಇಲ್ಲಿ ಫ್ಯಾನಿಲ್ಲ, ಕಿಟಕಿ ತೆರೆಯುವ ಹಾಗಿಲ್ಲ, ಗಾಳಿಗೆ ಗರಿ ಹಾರುತ್ತದೆ. ವರ್ಷಗಳು ಕಳೆದಂತೆ ಅವರ ಅಂಗೈ ಒರಟಾಯಿತು, ಬೆರಳು ಜೋಮು ಹಿಡಿಯಿತು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು. ದವಾಖಾನೆಯ ಡಾಕ್ಟರು ಕೇಳಿದರು — ನೀವು ಗರಿ ಕೀಳುವ ಹಕ್ಕಿಯ ಚರ್ಮಕ್ಕೆ ಹುಳ ಬೀಳದಂತೆ ಏನು ಹಾಕಿರುತ್ತಾರೆ? ಬಿಳಿ ಪುಡಿ ಎಂದೆ. ಒಯ್ದು ತೋರಿಸಿದೆ. ಪಾಷಾಣ. ಕೇಳಿಸಿತೇ ಶೇಟ್‌ಜಿ? ಇಲಿಗೆ ಇಡುವ ಪಾಷಾಣ. ಅದು ತಿಳಿಯುವ ಹೊತ್ತಿಗೆ ಬಸಲಿಂಗವ್ವನಿಗೆ ಮಾತು ನಿಂತಿತ್ತು.

ಸತ್ತವರ ಮುಂದೆ ಸಿಟ್ಟು ಸಲ್ಲದು ಅನ್ನುತ್ತಾರೆ. ನನಗೆ ಸಿಟ್ಟು ಬಂದಿದೆ, ಕ್ಷಮಿಸಿ.

ಶೇಟ್‌ಜಿ ದೊಡ್ಡ ಮನಸ್ಸು ಮಾಡಿ, ತಾಯಿಯ ಸ್ಟೂಲನ್ನು ಮಗಳಿಗೆ ಕೊಟ್ಟಿದ್ದಾರೆ. ಸೋಮವಾರದಿಂದ ಶರಣವ್ವ ಕೆಲಸಕ್ಕೆ. ನಿನ್ನೆ ಚಾಳಿನ ಅವರ ಮನೆಗೆ ಹೋಗಿದ್ದೆ. ಮಾತು ನಿಲ್ಲುವ ಮೊದಲು, ಮಲಗಿದಲ್ಲಿಂದಲೇ, ತಾಯಿ ಮಗಳಿಗೆ ಕೆಲಸ ಕಲಿಸಿದ್ದರಂತೆ. "ನೋಡ್ರೀ ಕಾಕಾ, ಅವ್ವನ ಹಂಗ ಬರತೈತೇನು?" ಎಂದು ಹುಡುಗಿ ಗರಿ ಎತ್ತಿತು. ಎತ್ತಿ — ನೇರ ತುಟಿಗೆ. ಅದೇ ಓರೆ ಕತ್ತು, ತಾಯಿಯದೇ! ಕೈಯಿಂದ ಕಸಿದುಕೊಂಡೆ. ಪಾಪ, ಅದು ಬೆದರಿ ಹೇಳಿತು — "ಅವ್ವ ಹಿಂಗ ಕಲಿಸ್ಯಾಳಲ್ರೀ."

ಹೌದಮ್ಮ. ನಾವು ನಿನ್ನ ಅವ್ವನಿಗೆ ಹಾಗೆಯೇ ಕಲಿಸಿದ್ದು.

ಇಗೋ — ಮೇಜಿನ ಕೆಳಗೆ ಧೂಳು ತಿನ್ನುತ್ತಿದ್ದ ಆ ವಾಟಿ. ನೀರು ತುಂಬಿ ಶರಣವ್ವನ ಜಾಗದಲ್ಲಿ ಇಡುತ್ತಿದ್ದೇನೆ. ಇನ್ನು ಇಲ್ಲಿ ಯಾರೂ ಗರಿಯನ್ನು ಬಾಯಿಗೆ ಇಡುವುದಿಲ್ಲ. ಇದನ್ನು ಯಾರಾದರೂ ಎತ್ತಿದರೆ, ನಾವೆಲ್ಲರೂ ಸ್ಟೂಲು ಬಿಟ್ಟು ಏಳುತ್ತೇವೆ. ಮಾತಾಡಿಕೊಂಡಿದ್ದೇವೆ, ಶೇಟ್‌ಜಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಕಿಟಕಿಗಳ ಬಳಿ ಇರುವವರು — ಹೌದು ಕೊರಗಣ್ಣ, ನೀವೇ — ಅವನ್ನು ತೆರೆಯಿರಿ. ಪೂರ್ತಿ ತೆರೆಯಿರಿ. ಗರಿ ಹಾರಿದರೆ ಹಾರಲಿ. ಹಿಡಿಯಲು ಯಾರೂ ಬಗ್ಗಬೇಡಿ. ಕೊನೆಯ ಗರಿ ನೆಲಕ್ಕೆ ಇಳಿಯುವವರೆಗೆ ಮೌನವಾಗಿ ನಿಲ್ಲೋಣ.