ಎಮ್ಮೆ ಕೊಟ್ಟು ತಂದ ಚೂರಿ

ಹೂಂ ಅನ್ನೋರು ಇದ್ರೆ ಹೇಳ್ತೀನಿ, ಇಲ್ಲಾಂದ್ರೆ ಎಲೆಅಡಿಕೆ ಹಾಕ್ಕೊಂಡು ಸುಮ್ನೆ ಕೂತ್ಕೋತೀನಿ. ಹೂಂ ಅಂದ್ರಾ? ಹಂಗಾದ್ರೆ ಹತ್ರ ಬನ್ನಿ. ಆ ಕಂಬಕ್ಕೆ ಒರಗಿದೋರೂ ಬನ್ನಿ, ನನ್ನ ಗಂಟಲು ಅಷ್ಟು ದೂರ ನಡೆಯಲ್ಲ.

ಎಲ್ಲೋ ಒಂದು ಸೀಮೆ. ಅದರ ಹೆಸರು ನಮ್ಮಜ್ಜಿಗೂ ಗೊತ್ತಿರಲಿಲ್ಲ, ನಂಗೂ ಗೊತ್ತಿಲ್ಲ. ಆ ಸೀಮೇಲಿ ಮೂರು ದಾರಿ ಕೂಡೋ ಕಡೆ ಒಂದು ಊರು. ಊರ ಬಾಗಿಲಲ್ಲಿ ಒಂದು ಅನ್ನಛತ್ರ. ಮೂಡಲಿಂದ ಬಂದೋರೂ ಅಲ್ಲೇ ಉಣ್ಬೇಕು, ಪಡುವಲಿಂದ ಬಂದೋರೂ ಅಲ್ಲೇ ಉಣ್ಬೇಕು, ತೆಂಕಲಿಂದ ಬಂದೋರೂ ಅಲ್ಲೇ ಉಣ್ಬೇಕು. ದಿನಕ್ಕೆ ಇನ್ನೂರು ಎಲೆ. ಛತ್ರ ಕಟ್ಟಿಸಿದೋಳು ಆ ಊರ ಗೌಡ್ತಿ ಲಿಂಗಾಜಮ್ಮ. ಅಡಿಗೆ ಮಾಡೋಳು ಹೊನ್ನೂರವ್ವ. ನೀರು ಸೇದಿ, ಸೌದೆ ಸೀಳಿ, ಎಲೆ ಹಾಕೋನು ಅವಳ ಗಂಡ ಓಬಳಯ್ಯ.

ಇನ್ನೂರು ಜನಕ್ಕೆ ಹುಳಿ ಅಂದ್ರೆ ಎಷ್ಟು ಕುಂಬಳಕಾಯಿ ಬೇಕು ಹೇಳಿ? ಎಷ್ಟು ಬದನೆಕಾಯಿ? ಎಷ್ಟು ಈರುಳ್ಳಿ? ಅಷ್ಟನ್ನೂ ಹೆಚ್ಚೋದು ಹೊನ್ನೂರವ್ವನ ಒಂದೇ ಕೈ. ಸಂತೇಲಿ ಒಂದು ಸೇರು ರಾಗಿಗೆ ಒಂದು ಚೂರಿ ಸಿಗ್ತಿತ್ತು. ತರೋಳು, ಹೆಚ್ಚೋಳು, ಅದು ಮೊಂಡಾಗೋದು. ಮತ್ತೊಂದು ತರೋಳು, ಹೆಚ್ಚೋಳು, ಅದೂ ಮೊಂಡಾಗೋದು. ಮೊಂಡಾದಷ್ಟೂ ಇವಳು ಒತ್ತೋಳು. ಒತ್ತಿ ಒತ್ತಿ ಬಲಗೈ ಹೆಬ್ಬೆರಳ ಬುಡ ನಿಂಬೆಹಣ್ಣಿನಂಗೆ ಊದ್ಕೊಂತು. ಬೆಳಿಗ್ಗೆ ಎದ್ದರೆ ಕೈ ಮುಚ್ಚಿದ್ದು ಬಿಚ್ಚಲ್ಲ, ಬಿಚ್ಚಿದ್ದು ಮುಚ್ಚಲ್ಲ.

ಕೈ ನಿಧಾನ ಆಯ್ತು. ಅಡಿಗೆ ತಡ ಆಯ್ತು. ಸೂರ್ಯ ನೆತ್ತಿ ದಾಟಿದ್ರೂ ಎಲೆ ಬೀಳ್ತಿಲ್ಲ, ದಾರಿಹೋಕರು ಜಗಲಿ ಮೇಲೆ ಹೊಟ್ಟೆ ಹಿಡ್ಕೊಂಡು ಕೂತವ್ರೆ. ಲಿಂಗಾಜಮ್ಮ ಬಂದ್ಲು. ಕೆಟ್ಟ ಹೆಂಗಸಲ್ಲ ಅವಳು, ಮಾತು ಮಾತ್ರ ಖಾರ.

"ಹೊನ್ನೂರವ್ವ, ಹಸಿದೋರನ್ನ ಕಾಯಿಸೋಕೆ ನಾನು ಛತ್ರ ಕಟ್ಟಿಸಿಲ್ಲ. ದೀಪಾವಳಿ ತನಕ ನೋಡ್ತೀನಿ. ಆಮೇಲೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ಮಾರನೇ ದಿನ ಹೊನ್ನೂರವ್ವ ಬೇಗ ಬೇಗ ಅಂತ ಒಂದು ಬಲಿತ ಕುಂಬಳಕಾಯಿ ಮೇಲೆ ಚೂರಿ ಇಟ್ಟು ಮೈಭಾರ ಹಾಕಿ ಒತ್ತಿದ್ಲು. ಚೂರಿ ಜಾರ್ತು. ಎಡಗೈ ಅಂಗೈ ಉದ್ದಕ್ಕೆ ಸೀಳಿತು.

ಆವತ್ತು ಉಣ್ಣೋಕೆ ಕೂತೋರಲ್ಲಿ ಒಬ್ಬ ಕ್ಷೌರದೋನು ಇದ್ದ. ಬಡಿಸೋಕೆ ಬಂದ ಹೊನ್ನೂರವ್ವನ ಎಡಗೈಗೆ ಸುತ್ತಿದ ಬಟ್ಟೆ ನೋಡಿದ.

"ಮೊಂಡು ಚೂರಿ ಕೆಲಸ ಅಲ್ವೇನವ್ವ ಇದು?"

"ನಿಂಗೆ ಹೆಂಗೆ ಗೊತ್ತಪ್ಪ?"

"ಹರಿತ ಇರೋದು ಹೇಳಿದ ಕಡೆ ಹೋಗುತ್ತೆ, ಮೊಂಡು ಇರೋದು ತನಗೆ ತೋಚಿದ ಕಡೆ ಹೋಗುತ್ತೆ. ಇಪ್ಪತ್ತು ವರ್ಷದಿಂದ ಜನರ ಗಂಟಲ ಮೇಲೆ ಕತ್ತಿ ಆಡಿಸ್ತಿದೀನಿ, ಅಷ್ಟೂ ಗೊತ್ತಾಗಲ್ವಾ?" ಅಂದ. "ಹೊಳೆ ಆಚೆ ಕಡೆ ಮೌನಾಚಾರಿ ಅಂತ ಒಬ್ಬ ಕಮ್ಮಾರ ಅವ್ನೆ. ಅವನ ಹತ್ರ ಹೋಗು. ಆದ್ರೆ ಮೊದಲೇ ಹೇಳ್ತೀನಿ, ಒಂದು ಚೂರಿಗೆ ಒಂದು ಕರೆಯೋ ಎಮ್ಮೆ ಕೇಳ್ತಾನೆ."

ಕೇಳಿಸ್ಕೊಂಡ್ರಾ? ಒಂದು ಚೂರಿಗೆ ಒಂದು ಎಮ್ಮೆ! ಪಂಕ್ತಿಗೆ ಪಂಕ್ತಿಯೇ ನಕ್ಕುಬಿಡ್ತು. ಓಬಳಯ್ಯ ಕೈಯಲ್ಲಿದ್ದ ಸಾರಿನ ಸೌಟು ಅಲ್ಲಾಡೋ ಹಂಗೆ ನಕ್ಕ. ಹೊನ್ನೂರವ್ವ ಮಾತ್ರ ನಗಲಿಲ್ಲ.

ಏಕಾದಶಿ ದಿನ ಛತ್ರದಲ್ಲಿ ಒಲೆ ಹಚ್ಚೋ ಪದ್ಧತಿ ಇರಲಿಲ್ಲ. ಆವತ್ತು ಕೋಳಿ ಕೂಗೋ ಹೊತ್ತಿಗೆ ಎದ್ದು, ಹೊಳೆ ದಾಟಿ, ಕಮ್ಮಾರನ ಮನೆ ಬಾಗಿಲಿಗೆ ಹೋದ್ಲು. ಒಳಗೆ ಮೌನಾಚಾರಿ ಹೆಂಡ್ತಿ ಕೂತು ಎರಡು ಬದನೆಕಾಯಿ ಹೆಚ್ತಿದ್ಲು. ಯಾವುದರಲ್ಲಿ? ಸಂತೆ ಚೂರೀಲಿ! ಅದೇ ಒಂದು ಸೇರು ರಾಗಿ ಚೂರಿ!

ಹೊನ್ನೂರವ್ವಂಗೆ ತಡಿಯಲಿಲ್ಲ. "ಏನಪ್ಪಾ ಆಚಾರಿ, ಊರೋರಿಗೆಲ್ಲ ಎಮ್ಮೆ ಬೆಲೆಯ ಚೂರಿ ಮಾರ್ತೀಯ, ನಿನ್ನ ಮನೇಲಿ ಇದಾ?"

ಆಚಾರಿ ತಿದಿ ಒತ್ತೋದು ನಿಲ್ಲಿಸಲಿಲ್ಲ. "ಇಬ್ಬರು ಇದೀವಿ, ಎರಡು ಬದನೆಕಾಯಿ. ಅದಕ್ಕೆ ಇದೇ ಹೆಚ್ಚಾಯ್ತು. ನಿನ್ನ ಚೂರಿ ತೋರಿಸು."

ತೋರಿಸಿದ್ಲು. ಅಲಗನ್ನ ಬೆಳಕಿಗೆ ಹಿಡಿದ, ಉಗುರ ಮೇಲೆ ಆಡಿಸಿದ, ಮುಖ ಕಿವುಚಿದ.

"ಸಾಣೆ ಹಿಡಿದು ಎಷ್ಟು ದಿನ ಆಯ್ತು?"

"ಸಾಣೆನಾ? ಮೊಂಡಾದ್ರೆ ಬೇರೆ ತರ್ತೀನಿ."

"ಹಂಗಾದ್ರೆ ನಿಂಗೆ ನನ್ನ ಚೂರಿ ಕೊಡಲ್ಲ, ಮೂರು ಎಮ್ಮೆ ಕೊಟ್ರೂ ಕೊಡಲ್ಲ. ಸಾಣೆ ಹಿಡಿಯೋಕೆ ಬಾರದೋರ ಕೈಯಲ್ಲಿ ಅದೂ ಮೂರು ತಿಂಗಳಿಗೆ ಇದೇ ಆಗುತ್ತೆ." ಅಂದೋನು ಒಂದು ಸಾಣೆಕಲ್ಲು ಎಳೆದು, ಪಕ್ಕಕ್ಕೆ ಕೂರಿಸ್ಕೊಂಡ. ನೀರು ಹಾಕೋದು ಹೆಂಗೆ, ಅಲಗು ಮಲಗಿಸೋದು ಹೆಂಗೆ, ಎಳೆಯೋದು ಹೆಂಗೆ, ಎಲ್ಲ ಹೇಳ್ಕೊಟ್ಟ. "ಈ ಕಲ್ಲು ತಗೊಂಡು ಹೋಗು. ಮೂರು ತಿಂಗಳು ದಿನಾ ಉಜ್ಜು. ಆಮೇಲೂ ಬೇಕು ಅನ್ಸಿದ್ರೆ ಬಾ."

ಕಲ್ಲಿಗೆ ಏನೂ ತಗೊಳ್ಳಲಿಲ್ಲ ಆತ.

ಹೊನ್ನೂರವ್ವ ದಿನಾ ಉಜ್ಜಿದ್ಲು. ಕೇಳಿ, ಸುಳ್ಳು ಹೇಳಬಾರ್ದು, ಅದೇ ಸಂತೆ ಚೂರಿ ಹೊಸ ಚೂರಿ ಆಗೋಯ್ತು! ಈರುಳ್ಳಿ ಹೆಚ್ಚಿದ್ರೆ ಕಣ್ಣಲ್ಲಿ ನೀರಿಲ್ಲ. ಬದನೆಕಾಯಿ ಜಜ್ಜಿ ಹೋಗಲ್ಲ. ಹೆಬ್ಬೆರಳ ಊತ ಅರ್ಧ ಇಳೀತು. ಓಬಳಯ್ಯಂಗೆ ಖುಷಿಯೋ ಖುಷಿ. "ನೋಡ್ದಾ? ಎಮ್ಮೇನೂ ಉಳೀತು, ಕೈಯೂ ಉಳೀತು."

ಅರ್ಧ ಇಳೀತು ಅಂದೆನಲ್ಲ, ಇನ್ನರ್ಧ? ಅದೇ ಸಮಸ್ಯೆ. ಸಂತೆ ಚೂರಿಯ ಕಬ್ಬಿಣ ಮೆದು. ಸೊಪ್ಪು ಮುಗಿಯೋದ್ರೊಳಗೆ ಒಂದು ಸಲ ಉಜ್ಜಬೇಕು. ಈರುಳ್ಳಿ ಮುಗಿಯೋದ್ರೊಳಗೆ ಇನ್ನೊಂದು ಸಲ. ಕುಂಬಳಕಾಯಿಗೆ ಬಂದಾಗ ಮತ್ತೊಂದು ಸಲ. ಉಜ್ಜೋದರಲ್ಲೇ ಹೊತ್ತು ಹೋಗೋದು. ಎಲೆ ಬೀಳೋದು ತಡವೇ. ಮೂರು ತಿಂಗಳಿಗೆ ಚೂರಿ ಸವೆದು ಹುಣಸೆಕಾಯಿ ಸಿಪ್ಪೆ ಹಂಗಾಯ್ತು. ದೀಪಾವಳಿಗೆ ಇನ್ನು ಎರಡೇ ತಿಂಗಳು.

ಹೋದ್ಲು ಮತ್ತೆ. ಸವೆದ ಚೂರಿ ಆಚಾರಿ ಮುಂದೆ ಇಟ್ಲು. ಆತ ಅದನ್ನ ತಿರುಗಿಸಿ ತಿರುಗಿಸಿ ನೋಡಿ, ಮೊದಲ ಸಲ ನಕ್ಕ.

"ಈಗ ನೀನು ಏನು ಕೇಳ್ತಿದೀಯ ಅಂತ ನಿಂಗೆ ಗೊತ್ತು. ಕೂತ್ಕೋ. ಹೆಚ್ಚು."

ಅವನ ಹೆಂಡ್ತಿ ತಂದು ಕೊಟ್ಟ ಈರುಳ್ಳಿ ಹೆಚ್ಚಿದ್ಲು, ಆತ ಅವಳ ಮಣಿಕಟ್ಟು ನೋಡಿದ. ಸೊಪ್ಪು ಹೆಚ್ಚಿದ್ಲು, ಮೊಳಕೈ ನೋಡಿದ. ಕುಂಬಳಕಾಯಿ ಹೆಚ್ಚಿದ್ಲು, ಭುಜ ನೋಡಿದ. ಆಮೇಲೆ ಒಂದು ಹಸಿಮಣ್ಣಿನ ಮುದ್ದೆ ಕೈಗೆ ಕೊಟ್ಟು "ಚೂರಿ ಹಿಡಿದಂಗೆ ಹಿಡಿ" ಅಂದ. ಮಣ್ಣಲ್ಲಿ ಅವಳ ಐದು ಬೆರಳೂ ಮೂಡಿದ್ವು. "ಇದು ಹಿಡಿಗೆ" ಅಂತ ತೆಗೆದಿಟ್ಟ.

"ಒಂದು ಮಾತು ಕೇಳ್ತೀನಿ ಆಚಾರಿ, ಬೇಜಾರು ಮಾಡ್ಕೋಬೇಡ. ಅಂಗೈಯಷ್ಟು ಉಕ್ಕಿಗೆ ಎಮ್ಮೆ ಯಾಕೆ?"

"ಮೂರು ಬಡಿದರೆ ಎರಡು ನೀರಲ್ಲಿ ಅದ್ದುವಾಗ ಸೀಳ್ತವೆ ಕಣವ್ವ. ಕೂದಲೆಳೆಯಷ್ಟು ಸೀಳು. ಹೊಳಪು ಕೊಟ್ಟು ಮಾರಿದ್ರೆ ಯಾರಿಗೂ ತಿಳಿಯಲ್ಲ. ನಾನು ಮಾರಲ್ಲ, ಮತ್ತೆ ಕುಲುಮೆಗೆ ಹಾಕ್ತೀನಿ. ಒಂದು ಚೂರಿ ನಿನ್ನ ಕೈ ಸೇರೋಕೆ ನನ್ನ ಒಂದು ತಿಂಗಳು ಹೋಗುತ್ತೆ. ಆ ಒಂದು ತಿಂಗಳು ನಾವಿಬ್ಬರೂ ಉಣ್ಬೇಕಲ್ಲ? ಮುಂದಿನ ತಿಂಗಳ ಏಕಾದಶಿಗೆ ಎಮ್ಮೆ ಹೊಡ್ಕೊಂಡು ಬಾ. ಬರದಿದ್ರೂ ಬೇಜಾರಿಲ್ಲ."

ಮನೇಲಿ ಇದ್ದದ್ದು ಒಂದೇ ಎಮ್ಮೆ. ಹೊನ್ನೂರವ್ವನ ತವರಿಂದ ಬಂದದ್ದು. ಓಬಳಯ್ಯ ನೊಗದಂಥ ತೋಳು ಅಡ್ಡ ಚಾಚಿ ಕೊಟ್ಟಿಗೆ ಬಾಗಿಲಲ್ಲಿ ನಿಂತ.

"ತಲೆ ಕೆಟ್ಟೈತಾ ನಿಂಗೆ? ಊರೆಲ್ಲ ನಗ್ತದೆ! ಎಮ್ಮೆ ಇದ್ರೆ ಹಾಲುಂಟು, ಬೆಣ್ಣೆಯುಂಟು. ಚೂರಿ ಇದ್ರೆ ಏನುಂಟು?"

ಹೊನ್ನೂರವ್ವ ಕೂಗಲಿಲ್ಲ, ಅಳಲಿಲ್ಲ. ಬಲಗೈ ಅವನ ಮುಂದೆ ಚಾಚಿದ್ಲು. "ಹಾಲು ಕರೆಯೋದೂ ಇದೇ ಕೈಯಲ್ವಾ?" ಅಂದ್ಲು. "ಹೋದ ತಿಂಗಳಿಂದ ಕರೀತಿರೋನು ನೀನು. ನಂಗೆ ಕೆಚ್ಚಲು ಹಿಡಿಯೋಕೆ ಆಗ್ತಿಲ್ಲ. ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ."

ಓಬಳಯ್ಯ ಆ ಕೈ ನೋಡಿದ. ತೋಳು ತಾನಾಗೇ ಕೆಳಗಿಳೀತು.

ಎಮ್ಮೆ ಹೊಳೆ ದಾಟಿತು. ಆಚಾರಿ ಹೆಂಡ್ತಿ ಹಗ್ಗ ಹಿಡ್ಕೊಂಡು "ಏನಂತ ಕರೀತಿದ್ದೆ ಇದನ್ನ?" ಅಂತ ಕೇಳಿದ್ಲು. "ಕರಿಯವ್ವ ಅಂತ" ಅಂದ್ಲು ಹೊನ್ನೂರವ್ವ, ತಿರುಗಿ ನೋಡದೆ ಬಂದ್ಲು. ನೋಡಿದ್ರೆ ಬರೋಕೆ ಆಗ್ತಿರಲಿಲ್ಲ.

ಚೂರಿ ಹೆಂಗಿತ್ತು ಅಂತೀರಾ? ನೋಡೋಕೆ ಏನೂ ಇಲ್ಲ. ಚಿನ್ನ ಇಲ್ಲ, ಬೆಳ್ಳಿ ಇಲ್ಲ, ಹೂವಿನ ಕೆತ್ತನೆ ಇಲ್ಲ. ಕಪ್ಪು ಬೆನ್ನು, ಬಿಳಿ ಅಲಗು, ಹಲಸಿನ ಮರದ ಹಿಡಿ. ಆದ್ರೆ ಕೈಗೆ ತಗೊಂಡ್ರೆ ಹಿಡಿಯಬೇಕಾಗಿಯೇ ಇಲ್ಲ, ಅದೇ ಬಂದು ಕೂತ್ಕೋತಿತ್ತು. ಕುಂಬಳಕಾಯಿ ಮೇಲೆ ಇಟ್ರೆ ತನ್ನ ಭಾರಕ್ಕೆ ತಾನೇ ಇಳಿಯೋದು. ಬೆಳಿಗ್ಗೆ ಒಂದು ಸಲ ಕಲ್ಲಿಗೆ ಮುಟ್ಟಿಸಿದ್ರೆ ಮಾರನೇ ಬೆಳಗಿನ ತನಕ ಕೇಳಂಗಿಲ್ಲ. ಹದಿನೈದು ದಿನಕ್ಕೆ ಸೂರ್ಯ ನೆತ್ತಿಗೆ ಬರೋ ಮೊದಲೇ ಇನ್ನೂರು ಎಲೆ ಬಿತ್ತು.

ದೀಪಾವಳಿ ಬಂತು. ಲಿಂಗಾಜಮ್ಮನೂ ಬಂದ್ಲು. ಚೂರಿ ನೋಡಿದ್ಲು, ಕಣ್ಣು ಅಲ್ಲೇ ನೆಟ್ಟಿತು.

"ಇದರಿಂದಾನಾ ಇಷ್ಟೆಲ್ಲ? ಒಂದು ಎಮ್ಮೆಗೆ ತಂದ್ಯಂತೆ. ನಾನು ಎರಡು ಎಮ್ಮೆ ಕೊಡ್ತೀನಿ, ನಂಗೆ ಕೊಡು."

ಓಬಳಯ್ಯ ಹಿಂದಿನಿಂದ ಹೆಂಡ್ತಿ ಸೆರಗು ಜಗ್ಗಿದ. ಎರಡು ಎಮ್ಮೆ! ಬೇಡ ಅಂದ್ರೆ ಗೌಡ್ತಿಗೆ ಕೋಪ, ಕೊಟ್ರೆ ಕೈ ಹೋಯ್ತು. ಏನು ಮಾಡ್ಬೇಕು ಹೇಳಿ? ಹೊನ್ನೂರವ್ವ ಚೂರಿ ಒರೆಸಿ ಗೌಡ್ತಿ ಮುಂದೆ ಚಾಚಿದ್ಲು.

"ಮೂರು ದಿನ ಇಟ್ಕೊಳ್ಳಿ ತಾಯಿ. ನೀವೇ ಹೆಚ್ಚಿ ನೋಡಿ. ಆಮೇಲೂ ಬೇಕು ಅಂದ್ರೆ ನಿಮ್ದೇ."

ಲಿಂಗಾಜಮ್ಮ ತಗೊಂಡು ಹೋದ್ಲು. ಮೊದಲ ದಿನ ಬೆಂಡೆಕಾಯಿ ಹೆಚ್ಚೋಕೆ ಹೋಗಿ ಬೆರಳ ತುದಿ ಹೆಚ್ಕೊಂಡ್ಲು. ಎರಡನೇ ದಿನ ನಿಂಬೆಹಣ್ಣು ಕೊಯ್ದು, ತೊಳೆಯದೆ ಒರೆಸದೆ ಇಟ್ಟು ಮರೆತ್ಲು. ಬೆಳಗಾಗೋದ್ರೊಳಗೆ ಅಲಗಿನ ತುಂಬ ಕಂದು ಕಂದು ತುಕ್ಕು. ಮೂರನೇ ದಿನ ಕಾಯಿ ಒಡೆಯೋ ಕತ್ತಿ ಎಲ್ಲೋ ಇಟ್ಟಿದ್ಲು, ಹುಡುಕೋ ತಾಳ್ಮೆ ಇಲ್ಲ, ಇದರಲ್ಲೇ ತೆಂಗಿನಕಾಯಿ ಒಡೆದ್ಲು. ಟಣ್ ಅಂತು. ಅಲಗಿನ ನಡುಮಧ್ಯೆ ಒಂದು ಚೂರು ಎಗರಿ ಹೋಯ್ತು.

ನಾಕನೇ ದಿನ ತಂದು ಕೊಟ್ಲು. "ತಗೋ ನಿನ್ನ ಚೂರಿ. ಕಾಯಿ ಒಡೆಯೋಕೂ ಬಾರದ್ದಕ್ಕೆ ಎಮ್ಮೆ ಕೊಟ್ಯಲ್ಲ, ಆ ಕಮ್ಮಾರ ನಿಂಗೆ ಮೋಸ ಮಾಡವ್ನೆ."

ಗೌಡ್ತಿ ಹೋದ ಮೇಲೆ ಹೊನ್ನೂರವ್ವ ಅಡಿಗೆಮನೆ ಮೂಲೇಲಿ ಕೂತು ಅತ್ಲು. ಎಮ್ಮೆ ಹೋದಾಗ ಅಳದೋಳು ಆವತ್ತು ಅತ್ಲು. ಓಬಳಯ್ಯ "ನಾ ಹೇಳಿರಲಿಲ್ವಾ" ಅನ್ನೋಕೆ ಬಾಯಿ ತೆರೆದೋನು, ಅವಳ ಮುಖ ನೋಡಿ ಮುಚ್ಕೊಂಡ.

ಏಕಾದಶಿ ತನಕ ಸವೆದು ಹೋಗಿದ್ದ ಸಂತೆ ಚೂರೀಲೇ ದಿನ ತಳ್ಳಿ, ಆಮೇಲೆ ಹೊಳೆ ದಾಟಿದ್ಲು. ಮೌನಾಚಾರಿ ಚೂರಿ ನೋಡಿ, "ತೆಂಗಿನಕಾಯಾ?" ಅಂದ.

"ಹೂಂ."

ಬೈಯಲಿಲ್ಲ. ಕೂತ. ಬೆಳಿಗ್ಗೆ ಕೂತೋನು ಬಿಸಿಲು ಇಳಿಯೋ ತನಕ ಉಜ್ಜಿದ. ತುಕ್ಕು ಹೋಯ್ತು, ಮುಕ್ಕೂ ಹೋಯ್ತು, ಆದ್ರೆ ಚೂರಿ ಅರ್ಧ ಬೆರಳು ಕಿರಿದಾಯ್ತು.

"ಕಮ್ಮಿ ಆಗೋಯ್ತಲ್ಲ ಆಚಾರಿ" ಅಂದ್ಲು ಹೊನ್ನೂರವ್ವ.

"ಕಮ್ಮಿ ಆಗ್ಲಿ ಅಂತಲೇ ಮಾಡೋದು. ದಿನಾ ಸಾಣೆ ಹಿಡಿದ್ರೆ ಇಪ್ಪತ್ತು ವರ್ಷಕ್ಕೆ ಬೇವಿನೆಲೆಯಷ್ಟು ಆಗುತ್ತೆ. ಅಷ್ಟಾಗೋ ತನಕ ಹೆಚ್ಚು. ಹೊಸದರ ಹಂಗೇ ಉಳಿದ್ರೆ ನೋಡು, ಆಗ ನಿನ್ನ ಎಮ್ಮೆ ದಂಡ."

ಎರಡು ತಿಂಗಳು ಕಳೀತು. ಒಂದು ದಿನ ಮಧ್ಯಾಹ್ನ ಲಿಂಗಾಜಮ್ಮ ಹೇಳದೆ ಕೇಳದೆ ಛತ್ರಕ್ಕೆ ಬಂದ್ಲು. ಎಲೆ ಬಿದ್ದಿತ್ತು, ಜನ ಉಣ್ತಿದ್ರು. ಅಡಿಗೆಯವಳು ಎಲ್ಲಿ? ನೋಡಿದ್ರೆ ಪಂಕ್ತಿ ಕೊನೇಲಿ, ದಾರಿಹೋಕರ ಜೊತೆ, ಎಲೆ ಮುಂದೆ ಕೂತವ್ಳೆ.

ಗೌಡ್ತಿ ಹೋಗಿ ಎದುರಿಗೆ ನಿಂತ್ಲು. "ಏಳ್ಬೇಡ, ಉಣ್ಣು. ಒಂದು ಮಾತು ನಿಜ ಹೇಳು. ಆ ಚೂರಿ ಬಂದ ಮೇಲೆ ಹುಳಿ ರುಚಿ ಹೆಚ್ಚಾಗೈತಾ?"

"ಇಲ್ಲ ತಾಯಿ. ಅದೇ ಹುಳಿ."

"ಖರ್ಚು ಉಳಿದೈತಾ?"

"ಇಲ್ಲ ತಾಯಿ. ಅದೇ ಖರ್ಚು."

"ನಿನ್ನ ಸಂಬಳ ಹೆಚ್ಚಾಗೈತಾ?"

"ಅದನ್ನ ಹೆಚ್ಚಿಸೋರು ನೀವಲ್ವಾ ತಾಯಿ" ಅಂದ್ಲು ಹೊನ್ನೂರವ್ವ. ಪಕ್ಕದೋರು ನಕ್ಕರು. ಗೌಡ್ತಿಗೂ ನಗು ಬಂತು, ತಡ್ಕೊಂಡ್ಲು.

"ಮತ್ತೆ ಎಮ್ಮೆ ಕೊಟ್ಟಿದ್ದು ಯಾವ ಸುಖಕ್ಕೆ?"

ಹೊನ್ನೂರವ್ವನ ಬಾಯಲ್ಲಿ ತುತ್ತಿತ್ತು. ಓಬಳಯ್ಯ ಅನ್ನದ ಬುಟ್ಟಿ ಹಿಡ್ಕೊಂಡು ಅಲ್ಲೇ ನಿಂತಿದ್ದ. ಅವನು ಮಾತಾಡಿದ.

"ಅಮ್ಮೋರೇ, ನಮ್ಮ ಲಗ್ನ ಆಗಿ ಹದಿನೆಂಟು ವರ್ಷ. ಇನ್ನೂರು ಜನ ಉಂಡು ಎದ್ದು ಹೋದ ಮೇಲೆ, ಎಲೆ ಎತ್ತಿ, ನೆಲ ಸಾರಿಸಿ, ತಳದಲ್ಲಿ ಉಳಿದಿದ್ದನ್ನ ನಿಂತ್ಕೊಂಡು ಉಣ್ಣೋಳು ಇವಳು. ಹಬೆ ಆಡೋ ಅನ್ನ ಇವಳ ಎಲೆ ಮೇಲೆ ನಾನು ಕಂಡಿರಲಿಲ್ಲ. ಈಗ ದಿನಾ ಕಾಣ್ತೀನಿ."

ಲಿಂಗಾಜಮ್ಮ ಹೊನ್ನೂರವ್ವನ ಎಲೆ ನೋಡಿದ್ಲು. ಅನ್ನದ ಮೇಲೆ ಹಬೆ ಇನ್ನೂ ಆಡ್ತಿತ್ತು.

"ಓಬಳಯ್ಯ" ಅಂದ್ಲು ಗೌಡ್ತಿ, "ಇನ್ನೊಂದು ಎಲೆ ಹಾಕು." ಸೆರಗು ಸಿಕ್ಕಿಸ್ಕೊಂಡು ಹೊನ್ನೂರವ್ವನ ಪಕ್ಕದಲ್ಲೇ ನೆಲಕ್ಕೆ ಕೂತ್ಲು.

ಅವರು ಉಂಡು ಎಲೆ ಮಡಿಚಿದ್ರು, ನಾನು ಕತೆ ಮಡಿಚಿದೆ. ಹೂಂ ಅಂದೋರಿಗೆ ಹೊಟ್ಟೆ ತುಂಬಲಿ, ತೂಕಡಿಸಿದೋರಿಗೆ ಕಣ್ತುಂಬ ನಿದ್ದೆ ಬರಲಿ. ಏಳಿ ಮತ್ತೆ.