ಚೊಂಬಿನ ಕೆಳಗಿನ ಚೀಟಿ

ಇಲ್ಲ ಮೇಷ್ಟ್ರೇ, ಪೂರ್ತಿ ಕೇಳಿ ಆಮೇಲೆ ತಲೆ ಆಡ್ಸಿ. ಒಂದೇ ಮಾತು. 'ತಪ್ಪಾಯ್ತು ದೇವರಾಜು' ಅಂದ್ಬುಡಿ, ಅಷ್ಟೇ. ನಿಮ್ಮ ಫೋನಲ್ಲೇ ಅವನ ನಂಬರ್ ತೆಗೆದು ಇಲ್ಲಿ ಮಡಗಿದೀನಿ, ಅವರೆಕಾಯಿ ಮೊರದ ಪಕ್ಕದಲ್ಲಿ. ಹಸಿರು ಬಟನ್ ಒತ್ತೋದೊಂದೇ ಬಾಕಿ. ನನ್ನ ಫೋನಿಂದ ಮಾಡಿದ್ರೆ ಅವ್ನು ತಗಳಲ್ಲ. ಆಯುಧಪೂಜೆ ಆದ ಭಾನುವಾರದಿಂದ ಇವತ್ತಿನವರ್ಗೂ ನನ್ನ ಹತ್ರ ಒಂದು ಮಾತಾಡಿಲ್ಲ. ಕೆಲಮಂಗಲದ ಸಂತೇಲಿ ಎದುರಿಗೇ ಸಿಕ್ಕಿದ, ಈರುಳ್ಳಿ ನೋಡ್ಕಂಡು ಹೋಗ್ಬುಟ್ಟ.

ಯಾಕೆ ನಗ್ತೀರಿ? ... ನಗಿ, ನಗಿ. ನೀವು ನಕ್ಕೇ ಮೂರು ತಿಂಗಳಾಯ್ತು ಅಂತ ಅಮ್ಮಾರು ಹೇಳ್ತಿದ್ರು.

ಕಾಫಿ ಬ್ಯಾಡ ಶ್ಯಾಮಲಮ್ಮಾರೇ, ಈಗ್ತಾನೆ ಕುಡ್ಕಂಡು ಬಂದೆ... ಸರಿ ಕೊಡಿ, ಅರ್ಧ ಲೋಟ. ನೀವೂ ಕೇಳಿ. ನಮ್ಮ ಜಗಳ ಏನು ಅಂತ ಇವ್ರು ನಿಮಗೆ ಹೇಳೇ ಇಲ್ವಾ? ಒಂದಕ್ಷರನೂ? ಅಂಗಾದ್ರೆ ನಾನು ಹೇಳ್ತೀನಿ, ತಪ್ಪಿದ್ರೆ ಮೇಷ್ಟ್ರು ತಿದ್ಲಿ. ಐದನೇ ಕ್ಲಾಸಿಂದ ತಿದ್ತಾನೇ ಅವ್ರೆ ನನ್ನ.

ನೀವು ಬೊಂಬೆ ಆಟ ಅಂತೀರಲ್ಲ, ಅದೇ. ದೇವರಾಜಣ್ಣನ ಹಾರ್ಡ್‌ವೇರ್ ಅಂಗಡಿ ಮೇಲ್ಗಡೆ ಗೋಡೌನಲ್ಲಿ ಒಂದು ಪಿಂಗ್‌ಪಾಂಗ್ ಟೇಬಲ್ಲು. ಅದರ ಮೇಲೆ ಥರ್ಮಾಕೋಲ್ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಹಿಂದ್ಗಡೆ ಕೆರೆ. ನಮ್ಮ ಕೃಷ್ಣಗಿರಿ ಬೆಟ್ಟನೇ ಅನ್ಕಳಿ. ಇನ್ನೂರು ವರ್ಷದ ಹಿಂದೆ ನಡೀತಲ್ಲ, ಕಂಪನಿ ದಂಡಿಗೂ ಮೈಸೂರ ದಂಡಿಗೂ, ಆ ಯುದ್ಧ. ಒಬ್ಬೊಬ್ಬ ಸಿಪಾಯಿ ಹೆಬ್ಬೆಟ್ಟಿನ ಒಂದು ಗೆಣ್ಣಿನಷ್ಟು. ನಮ್ಮ ಜೊತೆ ಆಡೋ ರಾಮು ತನ್ನ ಲೇತ್ ಶೆಡ್ಡಲ್ಲಿ ತವರ ಕಾಯ್ಸಿ ಅಚ್ಚಿಗೆ ಹುಯ್ತಾನೆ, ಬಣ್ಣ ನಾನು ಹಾಕ್ತೀನಿ. ಟೇಪ್ ಹಿಡ್ದು ಅಳ್ದು ನಡ್ಸೋದು, ದಾಳ ಹಾಕಿ ಹೊಡೆಯೋದು. ಮೇಷ್ಟ್ರು ಅಂಪೈರು. ಇಂಗ್ಲಿಷ್ ರೂಲ್ ಬುಕ್ಕನ್ನ ಉದ್ದದ ನೋಟ್‌ಬುಕ್ಕಲ್ಲಿ ಕನ್ನಡಕ್ಕೆ ಬರ್ದು ನಮಗೆಲ್ಲ ಹೇಳ್ಕೊಟ್ಟೋರೇ ಇವ್ರು. ಆರು ವರ್ಷ, ಭಾನುವಾರ ತಪ್ಪಿಲ್ಲ.

ಅದ್ರಲ್ಲಿ ಒಂದು ಪದ್ಧತಿ ಐತಮ್ಮ. ಆಟ ಶುರುವಾಗೋಕ್ಕೆ ಮುಂಚೆ ದಂಡು ನಡ್ಸೋನು ತನ್ನ ಗುಟ್ಟಿನ ಹುಕುಂ ಚೀಟೀಲಿ ಬರ್ದು ಮಡಚಿ, ಕಿಟಕಿ ಹತ್ರ ನೀರು ತುಂಬಿದ ಹಿತ್ತಾಳೆ ಚೊಂಬಿನ ಕೆಳಗೆ ಮಡಗ್ಬೇಕು. ಎಲ್ಲಿಂದ ನುಗ್ತೀನಿ, ಯಾವಾಗ ನುಗ್ತೀನಿ ಅಂತ. ಅದನ್ನ ಓದೋದು ಅಂಪೈರು ಒಬ್ರೇ. ಹೊತ್ತು ಬಂದಾಗ ಆ ದಂಡನ್ನ ತಂದು ಟೇಬಲ್ ಮೇಲೆ ಇಡ್ತಾರೆ. ಆಟ ಮುಗಿದ್ಮೇಲೆ ಚೀಟೀನ ಅದೇ ಚೊಂಬಿನ ನೀರಲ್ಲಿ ಅದ್ದಿ ಹಿಸುಕಿ ಬಿಸಾಕೋದು. ಬರ್ದೋನು, ಅಂಪೈರು, ಇಬ್ರು ಬಿಟ್ಟು ಇನ್ನೊಬ್ಬನ ಕಣ್ಣಿಗೆ ಬೀಳಂಗಿಲ್ಲ. ಓದಿದ್ದನ್ನ ಅಂಪೈರೂ ಯಾವತ್ತೂ ಬಾಯಿ ಬಿಡಂಗಿಲ್ಲ. ಈ ರೂಲು ಬುಕ್ಕಲ್ಲಿರ್ಲಿಲ್ಲ, ಮೇಷ್ಟ್ರೇ ಮಾಡಿದ್ದು. ಅಲ್ವಾ ಮೇಷ್ಟ್ರೇ?

ಸರಿ, ತಲೆ ಬಗ್ಸಿ ಸುಲೀರಿ. ಕೇಳ್ತಾ ಸುಲೀರಿ.

ಈಗ ಯಾರ್ಯಾರಿಗೆ ಏನು ಸಿಗೋದು ಕೇಳಿ ಅಮ್ಮ. ದೇವರಾಜಣ್ಣ ಯಾವಾಗ್ಲೂ ಕಂಪನಿ. ಟೇಬಲ್ ಅವಂದು, ಗೋಡೌನ್ ಅವಂದು, ಕೆಂಪು ಕೋಟಿನ ಸಿಪಾಯಿಗಳೂ ಅವನವೇ. ಅವರಪ್ಪ ಗೋಪಾಲಪ್ಪ ಹೊಲದಲ್ಲಿ ರಾಗಿ ಕುಯ್ದೋರು, ಮಗ ಭಾನುವಾರ ಬೆಳಿಗ್ಗೆ ಕರ್ನಲ್ಲು. ರಾಮುಗೆ ಮೈಸೂರ ಕುದುರೆ ದಂಡು, ಕೋಟೆ, ಎರಡೂ. ನಂಗೆ? ಎತ್ತು. ಕಂಪನಿ ದಂಡಿನ ಹಿಂದೆ ಅಕ್ಕಿಮೂಟೆ, ಮದ್ದಿನ ಪೆಟ್ಟಿಗೆ ಹೊತ್ಕಂಡು ಬರೋ ಅರವತ್ತು ಎತ್ತು. ಒಂದು ಸರದಿಗೆ ನಾಲ್ಕು ಇಂಚು. ನಾಲ್ಕು ಇಂಚು ತಳ್ಳು, ಕೂತ್ಕ. ನಾಲ್ಕು ಇಂಚು ತಳ್ಳು, ಹೋಗಿ ಟೀ ತಗಂಬಾ. ಆರು ವರ್ಷ!

ನಾನೂರು ಸಿಪಾಯಿಗೆ ಮೂರು ಕೂದಲಿನ ಬ್ರಷ್ಷಲ್ಲಿ ಮೀಸೆ ಬರ್ದೋನು ನಾನು. ಗುಂಡಿ ಬರ್ದೋನು ನಾನು. ಫ್ಯಾಕ್ಟರಿ ಪೇಂಟ್ ಶಾಪಲ್ಲಿ ಒಂದು ಶಿಫ್ಟು ನಿಂತು, ಮನೆಗೆ ಬಂದು ಮತ್ತೆ ಬ್ರಷ್ಷು ಹಿಡ್ಕಂಡು ಕೂತ್ಕಳ್ತಿದ್ದೆ. ಈ ಅಕ್ಕರೇಲಿ ಒಂದಿನ ನಮ್ಮನೆ ಬಾಗಿಲಿಗೆ ಬಣ್ಣ ಹೊಡೀಬಾರ್ದಾ ಅಂತ ನಾಗಲಕ್ಷ್ಮಿ ಬೈಯೋಳು. ಹೆಂಡ್ತಿ ಬೈಗುಳ ಹೋಗ್ಲಿ. ಅವ್ರು ನಂಗಿಟ್ಟ ಹೆಸರೇನು ಗೊತ್ತಾ? ಎತ್ತಿನ ಬೀರೇಶ. ದೇವರಾಜಣ್ಣ ಅಂಗಡಿ ಮುಂದೆ ನಿಂತು, ಗಿರಾಕಿಗಳ ಎದುರಿಗೆ, 'ಏ ಎತ್ತಿನ ಬೀರೇಶ, ಮೇಲಕ್ಕೆ ಬಾರ್ಲಾ' ಅಂತ ಕೂಗೋನು. ಈಗ ಬೀದೀಲಿ ಹೋಗೋ ಹುಡುಗ್ರೂ ಅಂಗೇ ಅಂತಾರೆ. ಫ್ಯಾಕ್ಟರೀಲಿ ಹನ್ನೊಂದು ವರ್ಷದಿಂದ ಕಾಂಟ್ರಾಕ್ಟು, ನಾನು ಗನ್ ಹಿಡಿಯೋದು ಕಲ್ಸಿದೋರೆಲ್ಲ ಪರ್ಮನೆಂಟು. ಬಣ್ಣದ ಗನ್ನು ಅಮ್ಮ, ಗಾಬರಿ ಬೀಳ್ಬ್ಯಾಡಿ. ಅಲ್ಲೂ ತಳ್ಳೋದೇ, ಇಲ್ಲೂ ತಳ್ಳೋದೇ.

ಇಲ್ಲ ಮೇಷ್ಟ್ರೇ, ನೀವು ಮಾಡಿದ್ದು ಮರ್ತಿಲ್ಲ. ಅಂಗ್ಯಾಕೆ ನೋಡ್ತೀರಿ? 'ಬೀರೇಶಂಗೆ ಒಂದ್ಸಲ ಕೋಟೆ ಕೊಡ್ರಪ್ಪ' ಅಂದೋರು ನೀವೇ. ದೇವರಾಜಣ್ಣ ಹಲ್ಲು ಕಿರ್ದ. ರಾಮು 'ವಿಡು ಪಾ, ಬಿಡಪ್ಪ, ಆಡ್ಲಿ' ಅಂತ ಕೋಟೆ ಬಿಟ್ಕೊಟ್ಟ. ಆ ವಾರವೆಲ್ಲ ನಂಗೆ ಊಟ ಸೇರ್ಲಿಲ್ಲ. ನಿಮ್ಮ ನೋಟ್‌ಬುಕ್ ಈಸ್ಕಂಡೋಗಿ ಬಸ್ಸಲ್ಲಿ ನಿಂತ್ಕಂಡೇ ಓದ್ತಿದ್ದೆ, ಹತ್ತನೇ ಕ್ಲಾಸ್ ಪರೀಕ್ಷೆಗೂ ಅಷ್ಟು ಓದಿರ್ಲಿಲ್ಲ.

ಭಾನುವಾರ ನಾನೇ ಮೊದ್ಲು ಹೋದೆ. ಬೆಟ್ಟ ಗಿಡ ಜೋಡ್ಸೋ ಕೆಲಸ ಯಾವಾಗ್ಲೂ ನಂದೇ ಅಲ್ವಾ. ದೇವರಾಜಣ್ಣ ಬಂದ, ಚೀಟಿ ಬರ್ದ, ಚೊಂಬಿನ ಕೆಳಗಿಟ್ಟು ಅಂಗಡಿಗೆ ಇಳ್ದ. ಮೇಷ್ಟ್ರು ಬಂದ್ರು, ಓದಿ ಮತ್ತೆ ಅಲ್ಲೇ ಇಟ್ಟು ಕೈಕಾಲು ತೊಳೆಯೋಕ್ಕೆ ಹೋದ್ರು. ನಾನು ಕೋಟೆ ಗೋಡೆ ಅಂಟಿಸ್ತಿದ್ದೆ. ಕೈ ತುಂಬ ಗೋಂದು. ಕಿಟಕಿ ಕಡೆ ತಿರುಗೂ ನೋಡಿಲ್ಲ.

... ಯಾರೂ ಕೇಳ್ಲಿಲ್ಲ, ನಿಜ. ಸುಮ್ನೆ ಹೇಳ್ದೆ.

ಮೊದಲನೇ ಸರದೀಲೇ ದೊಡ್ಡ ಬಾಗಿಲಲ್ಲಿದ್ದ ನಾಲ್ಕು ಫಿರಂಗೀನೂ ತೆಗ್ದು ಹಿಂದ್ಗಡೆ ಕೆರೆ ಗೋಡೆಗೆ ಇಟ್ಟೆ. ಮನ್ಸಿಗೆ ಅಂಗನ್ನಿಸ್ತು, ಇಟ್ಟೆ. ಮೂರನೇ ಸರದೀಲಿ ಮೇಷ್ಟ್ರು ಚೀಟಿ ಪ್ರಕಾರ ಕಂಪನಿ ದಂಡು ತಂದು ಇಟ್ರು. ಎಲ್ಲಿ? ಕೆರೆ ಕಡೆ, ಕತ್ತಾಳೆ ಮರೇಲಿ, ನನ್ನ ಫಿರಂಗಿ ಬಾಯಿಗೇ. ದಾಳ ಹಾಕ್ದೆ. ಐದು, ಆರು, ಆರು, ಐದು. ಎಂಬತ್ತು ಕೆಂಪು ಕೋಟು ಮಕಾಡೆ ಬಿದ್ವು. ಒಬ್ಬೊಬ್ಬನ ಮೀಸೆನೂ ನಾನು ಬರ್ದಿದ್ದು, ನಾನೇ ಮಲಗಿಸ್ದೆ. ಆ ಸುಖ ಏನು ಅಂತ ನಿಮಗೆ ಹೇಳೋಕ್ಕಾಗಲ್ಲಮ್ಮ.

ದೇವರಾಜಣ್ಣ ಟೇಬಲ್ ನೋಡ್ಲಿಲ್ಲ, ನನ್ನ ಮಕ ನೋಡ್ಲಿಲ್ಲ. ನೇರ ಇವರ ಕಡೆ ತಿರುಗಿ, 'ಶಿಷ್ಯಂಗೆ ಚೀಟಿ ತೋರ್ಸ್‌ಬುಟ್ರಾ ಸಾರ್?' ಅಂದ. ಎತ್ತು ತಾನಾಗೇ ಗೆಲ್ಲೋಕ್ಕೆ ಸಾಧ್ಯನೇ ಇಲ್ಲ ನೋಡಿ, ಯಾರಾದ್ರೂ ಕೊಟ್ಟಿರ್ಲೇಬೇಕು. ಕದ್ದ ಅನ್ನೋಷ್ಟು ಬುದ್ಧೀನೂ ನಂಗೆ ಕೊಡ್ಲಿಲ್ಲ ಅವ್ನು!

ಅವಾಗ ನೀವು ಒಂದು ಮಾತಾಡಿದ್ರೆ ಆಗೋದು ಮೇಷ್ಟ್ರೇ. ಟೇಪ್ ಸುತ್ತಿ ಮಡಗಿದ್ರಿ. ಚೀಟಿ ಚೊಂಬಿಗೆ ಅದ್ದಿ ಹಿಸುಕಿದ್ರಿ. ಛತ್ರಿ ತಗಂಡ್ರಿ, ಮೆಟ್ಲು ಇಳ್ದು ಹೋದ್ರಿ. ಅಂಗೆ ಹೋದ್ರೆ ಒಪ್ಕಂಡಂಗೇ ಅಲ್ವಾ? ನೀವೇ ಬಾಯಿ ಬಿಡ್ದೇ ಇದ್ಮೇಲೆ ನಾನು ಮಧ್ಯೆ ಏನಂತ ಮಾತಾಡ್ಲಿ? ಮೂರು ತಿಂಗಳಿಂದ ನಾನೂ ಅದನ್ನೇ ಕೇಳ್ಕಳ್ತಿದೀನಿ, ಏನಂತ ಮಾತಾಡ್ಬೇಕಿತ್ತು ನಾನು ಅಂತ.

ಅಮ್ಮ, ಕಣ್ಣೊರೆಸ್ಕಬ್ಯಾಡಿ. ನಂಗೆ ಗೊತ್ತು, ನಾಗಲಕ್ಷ್ಮಿ ಹೇಳಿದ್ಲು. ಬರೋ ಜನವರಿ ಇಪ್ಪತ್ತಾರಕ್ಕೆ ಯುವಕರ ಸಂಘದ ಭಾಷಣ ಸ್ಪರ್ಧೆ, ಇಪ್ಪತ್ತು ವರ್ಷದಿಂದ ಮಾರ್ಕು ಹಾಕೋರು ಮೇಷ್ಟ್ರು. ಈ ಸಲ ಕರ್ದಿಲ್ಲ. 'ಅಲ್ಲೂ ಯಾರ್ಗಾದ್ರೂ ಚೀಟಿ ತೋರ್ಸ್‌ಬುಟ್ಟಾರು' ಅಂದ್ರಂತೆ ಮೀಟಿಂಗಲ್ಲಿ. ಸಂಘಕ್ಕೆ ದೇವರಾಜಣ್ಣನೇ ತಾನೇ ಅಧ್ಯಕ್ಷ. ಎಲ್ಲಾರೂ ನಕ್ರಂತೆ. ಮೂವತ್ತು ವರ್ಷ ಪರೀಕ್ಷೆ ಪೇಪರ್ ತಿದ್ದಿ ಒಂದು ಮಾರ್ಕು ಆಚೆ ಈಚೆ ಮಾಡ್ದೇ ಇರೋ ಮನುಷ್ಯಂಗೆ ಈ ಮಾತು.

ಅದಕ್ಕೇ ಬಂದಿದ್ದು ನಾನು. ರಾಮು ಮಧ್ಯೆ ನಿಂತು ಮಾತಾಡವ್ನೆ. ಮೇಷ್ಟ್ರು ಒಂದ್ಸಲ ತಪ್ಪಾಯ್ತು ಅಂದ್ರೆ ದೇವರಾಜಣ್ಣ ಎಲ್ಲಾ ಬಿಟ್ಬುಡ್ತಾನಂತೆ. ಸಂಘಕ್ಕೂ ಕರೀತಾರಂತೆ, ಆಟನೂ ಶುರುವಾಗ್ತದಂತೆ. ಈಗ ಟೇಬಲ್ ಮೇಲೆ ಟಾರ್ಪಾಲ್ ಮುಚ್ಚವ್ರೆ, ಅದರ ಮೇಲೆ ಪಿವಿಸಿ ಪೈಪ್ ಒಟ್ಟವ್ರೆ. ನನ್ನ ಕೋಟೆ ಅದರ ಕೆಳಗೈತೆ. ಭಾನುವಾರ ಬಂದ್ರೆ ಏನು ಮಾಡ್ಬೇಕೋ ಗೊತ್ತಾಗಲ್ಲ ಮೇಷ್ಟ್ರೇ, ಜೂಜುವಾಡಿ ಚೆಕ್‌ಪೋಸ್ಟ್‌ವರ್ಗೂ ಬೈಕಲ್ಲಿ ಹೋಗಿ ಲಾರಿ ನೋಡ್ಕಂಡು ವಾಪಸ್ ಬತ್ತೀನಿ. ನಿಮಗೆ ಒಂದು ಮಾತು, ಅಷ್ಟೇ. ತಪ್ಪು ಮಾಡಿರ್ಬೇಕು ಅಂತೇನಿಲ್ಲ, ಬಾಯಿ ಮಾತಿಗೆ ಅನ್ನಿ.

ಯಾಕೆ ದೇವರಾಜಣ್ಣನ ಬಗ್ಗೆ ಒಂದು ಕೆಟ್ಟ ಮಾತೂ ಬರಲ್ಲ ನಿಮ್ಮ ಬಾಯಲ್ಲಿ? ಅವ್ನು ಅದಕ್ಕೆ ಲಾಯಕ್ಕಾ? ಮನುಷ್ಯನ್ನ ಮನುಷ್ಯ ಅಂತ ನೋಡಲ್ಲ ಅವ್ನು. ಶತ್ರು ಅಂತನಾದ್ರೂ ನೋಡ್ಲಿ, ಅದೂ ಇಲ್ಲ. ನಾನು ಒಂದು ವಾರ ಊಟ ಬಿಟ್ಟು ಆ ಕೋಟೆ ಕಟ್ಟಿದ್ರೆ, ಅವ್ನು ಆ ಚೀಟೀಲಿ ಏನು ಬರ್ದ? ದಂಡು ಕೆರೆ ಕಡೆಯಿಂದ ಅಂತ ಬರ್ದು, ಕೆಳಗೆ ಗೆರೆ ಎಳ್ದು, 'ಕೋಟೇಲಿರೋದು ನಮ್ಮ ಎತ್ತು ತಾನೇ, ಟೀ ಬರೋಷ್ಟರಲ್ಲಿ ಮುಗೀತದೆ' ಅಂತ! ಅದೂ ಹಸಿರು ಇಂಕಲ್ಲಿ, ಕಲೆಕ್ಟರ್ ಸಹಿ ಹಾಕ್ದಂಗೆ. ಇಂಥೋನಿಗೆ...

... ಏನು?

ಯಾಕೆ ನಿಲ್ಸ್‌ಬುಟ್ರಿ? ಸುಲೀರಿ ಮೇಷ್ಟ್ರೇ, ಇನ್ನೂ ಅರ್ಧ ಮೊರ ಐತೆ.

ಆ ಸಾಲು ನಂಗ್ಯಾರು ಹೇಳಿದ್ರಾ? ದೇವರಾಜಣ್ಣನೇ ಹೇಳ್ದ... ಇಲ್ಲ, ಅವ್ನು ನನ್ನ ಹತ್ರ ಮಾತಾಡಲ್ಲ. ರಾಮು... ರಾಮುಗೆ ಹೆಂಗೆ ಗೊತ್ತಾಗ್ತದೆ, ಅವ್ನು ಬಂದಿದ್ದೇ ಆಮೇಲೆ. ನೀವು... ನೀವು ಹೇಳಲ್ಲ. ಅಮ್ಮಾರಿಗೇ ಹೇಳಿಲ್ಲ ನೀವು.

ಅಮ್ಮ, ಲೋಟ ಹಿಡ್ಕಂಡು ಅಂಗೇ ನಿಂತ್ಬುಟ್ರಲ್ಲ.

ನಿಮಗೆ ಮೊದ್ಲೇ ಗೊತ್ತಿತ್ತು. ಅಲ್ವಾ? ನಾನು ಫಿರಂಗಿ ತೆಗ್ದಾಗ್ಲೇ ಗೊತ್ತಾಗಿತ್ತು. ಹಿಸುಕೋಕ್ಕೆ ಮುಂಚೆ ಚೀಟೀನ ಒಂದ್ಸಲ ಬೆಳಕಿಗೆ ಹಿಡಿದ್ರಿ, ಗೋಂದಿನ ಬೆರಳಚ್ಚು ಇದ್ದಿರ್ಬೇಕು. ಆಮೇಲೆ ನನ್ನ ನೋಡಿದ್ರಿ. ನೀವು ಕೋಟೆ ನೋಡ್ತಿದೀರ ಅನ್ಕಂಡೆ. ಅನ್ಕಂಡೆ ಅಂತ ನಂಗೇ ಹೇಳ್ಕಂಡೆ.

ಗೆಲ್ಲೋಕ್ಕೆ ಚೀಟಿ ತೆಗೀಲಿಲ್ಲ ಮೇಷ್ಟ್ರೇ. ನಾಗಲಕ್ಷ್ಮಿ ಆಣೆಗೂ. ನನ್ನ ಕೋಟೇನ ಅವ್ನು ಎಷ್ಟು ದೊಡ್ಡದು ಅನ್ಕಂಡವ್ನೆ, ಎಷ್ಟು ಸಿಪಾಯಿ ಕಳಿಸ್ತಾನೆ, ಅಷ್ಟು ನೋಡೋಣ ಅಂತ ತೆಗ್ದೆ. ನೋಡಿದ್ರೆ ಆ ಸಾಲು. ಮತ್ತೆ ಮಡಚಿ ಚೊಂಬಿನ ಕೆಳಗೇ ಇಟ್ಟೆ. ಆಮೇಲೆ ಫಿರಂಗಿ ಅದಾಗೇ ಹೋದಂಗೆ ಹೋಯ್ತು.

ನಿಮ್ಮ ಮೇಲೆ ಬರ್ತದೆ ಅಂತ ಅನ್ಕಂಡಿರ್ಲಿಲ್ಲ. ಬಂದಾಗ ಸುಮ್ನಿದ್ದೆ. ಗೆದ್ದಿದ್ನಲ್ಲ. ಆರು ವರ್ಷಕ್ಕೆ ಒಂದ್ಸಲ ಗೆದ್ದಿದ್ದೆ, ಅದನ್ನ ವಾಪಸ್ ಕೊಡೋಕ್ಕೆ ಮನಸ್ಸು ಬರ್ಲಿಲ್ಲ. ಈಗ ತಪ್ಪಾಯ್ತು ಅನ್ನಿ ಅಂತ ನಿಮ್ಮನೆ ಜಗಲಿಗೇ ಬಂದು ಕೂತಿದೀನಿ, ನಿಮ್ಮ ಕಾಫಿ ಕುಡ್ಕಂಡು. ಥೂ.

ಬೈಯಿರಿ ಮೇಷ್ಟ್ರೇ. ಸ್ಕೂಲಲ್ಲಿ ಬೈದಂಗೆ ಬೈಯಿರಿ. ಎರಡು ಏಟು ಬಿಡಿ ಬೇಕಾದ್ರೆ.

ಫೋನ್ಯಾಕೆ ನನ್ನ ಕಡೆ ತಳ್ತೀರಿ? ...

ಬ್ಯಾಡ ಮೇಷ್ಟ್ರೇ. ಊರಿಗೆಲ್ಲ ಸಾರ್ತಾನೆ ಅವ್ನು. ಇನ್ನು ನಂಗೆ ಎತ್ತನ್ನೂ ಕೊಡಲ್ಲ. ಇಷ್ಟು ದಿನ ನಿಮ್ಮನ್ನ ಆಡ್ಕಂಡೋರು ನಾಳೆ ನನ್ನ... ಅದೇ. ಅದೇ ಅಲ್ವಾ ನೀವು ಹೇಳ್ತಿರೋದು.

ಒತ್ಬುಟ್ರಾ? ರಿಂಗ್ ಆಗ್ತೈತೆ. ಮೇಷ್ಟ್ರೇ... ಕೊಡಿ. ಇಲ್ಲಿ ಕೊಡಿ.

ಹಲೋ... ಅಲ್ಲಣ್ಣ, ಮೇಷ್ಟ್ರಲ್ಲ. ಅವ್ರು ಇಲ್ಲೇ ಕೂತವ್ರೆ. ನಾನು. ಬೀರೇಶ... ಯಾವ ಬೀರೇಶ ಅಂದ್ರೆ... ಎತ್ತಿನ ಬೀರೇಶ. ಕಟ್ ಮಾಡ್ಬ್ಯಾಡಣ್ಣ, ಒಂದೇ ಮಾತು. ಅವತ್ತು ಚೊಂಬು ಸರ್ಸಿದ್ದು ನಾನು.