ಸುಟ್ಟ ಕಲೆಯ ಹೆಬ್ಬೆರಳು

ಮಸಾಜ್ ಲೈಸೆನ್ಸ್ ನವೀಕರಣದ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು.

“ತರಬೇತಿ ಮುಗೀತಾ ಅಕ್ಕ?” ಎಂದಳು ಕಿರಿಯವಳು.

“ಮೂರು ದಿನ ಒಂದೇ ವಿಡಿಯೋ ತೋರಿಸಿದ್ರು ಕಣೇ. ಅದರಲ್ಲಿ ಬರೀ ಕೈ, ಮುಖ ಇಲ್ಲ. ಹೆಬ್ಬೆರಳ ಮೇಲೆ ಸುಟ್ಟ ಕಲೆ.”

“ಅಯ್ಯೋ, ನಿಮ್ಮ ಕೈ!”

“ನಂದೇ. ಹದಿನೈದು ವರ್ಷದ ಹಿಂದೆ ತೆಗೆದಿದ್ದು. ‘ಈ ಕೈ ನೋಡಿ ಕಲೀರಿ’ ಅಂತ ನನಗೇ ಪಾಠ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಮೇಷ್ಟ್ರಿಂದ.”

“ನೀವು ಹೇಳ್ಲಿಲ್ವಾ?”

“ಹೇಳ್ದೆ. ‘ಹಾಜರಿ ಹಾಕಿ, ಸಾಕು’ ಅಂದ. ಕೊನೇ ದಿನ ಪರೀಕ್ಷೆಗೆ ಅವನ ಬೆನ್ನೇ ಒತ್ತಿದೆ. ತಿಂಗಳಿಂದ ಹಿಡ್ಕೊಂಡಿದ್ದ ಬೆನ್ನು ಬಿಟ್ಟೋಯ್ತು ಅಂತ ನೆಟ್ಟಗೆ ಎದ್ದು ಕೂತ.”

“ಮತ್ತೆ ಪಾಸ್ ತಾನೆ?”

“ಫೇಲ್. ವಿಡಿಯೋದಲ್ಲಿದ್ದ ಹಾಗೆ ಒತ್ತಲಿಲ್ಲವಂತೆ. ಆ ವಿಡಿಯೋ ತೆಗೆದ ಮೇಲೆ ನಾನು ಕಲಿತಿದ್ದೆಲ್ಲ ತಪ್ಪಂತೆ.”

ಅವರ ಸರದಿ ಬಂತು. ಹಿರಿಯವಳು ಕಲೆಯ ಕೈಯನ್ನು ಕಿಟಕಿಯೊಳಗೆ ಚಾಚಿದಳು.

“ಸಾರ್, ಅದೇ ತರಬೇತಿಗೆ ಇನ್ನೊಂದು ಅರ್ಜಿ ಕೊಡಿ.”